ಮೇಕೆ ಹಾಲು ಡೇರಿಗೆ ಯಾಕೆ ಹೋಗಲಿಲ್ಲ



ನಮ್ಮ ಕಡೆ ಯಾವ ಊರಿಗೆ ಹೋದರೂ ಬೆಳಿಗ್ಗೆ ಆರೂವರೆಗೆ ಡೇರಿ ಮುಂದೆ ಕ್ಯಾನು ಹಿಡಿದು ಸಾಲು ನಿಂತಿರ್ತಾರೆ. ಅದೇ ಊರಲ್ಲಿ ನಾಲ್ಕು ಮೇಕೆ ಇಲ್ಲದ ಮನೆ ಕಡಿಮೆ. ಆದರೆ ಆ ಸಾಲಿನಲ್ಲಿ ಮೇಕೆ ಹಾಲು ಹಿಡಿದು ನಿಂತವರನ್ನ ಯಾರಾದರೂ ನೋಡಿದ್ದೀರಾ? ಇಲ್ಲ. ಹಾಲು ಅಂದ್ರೆ ಹಸು, ಎಮ್ಮೆ. ಮೇಕೆ ಅಂದ್ರೆ ಮಾಂಸ, ಮರಿ, ಗೊಬ್ಬರ. ಹಾಗೇ ನಡ್ಕೊಂಡು ಬಂದಿದೆ.

ನಾನು ಮೇಕೆ ಹಾಲು ಮಾರೋಕೆ ಶುರು ಮಾಡಿ ಆರು ವರ್ಷ ಆಯ್ತು. ಈಗ ಹನ್ನೆರಡು ಮೇಕೆ, ಒಂದು ಹೋತ. ಕರೆಯೋವು ಏಳು. ಸುತ್ತಮುತ್ತ ಇನ್ನೂ ಹತ್ತು ಹನ್ನೆರಡು ಹುಡುಗರು ಶುರು ಮಾಡಬೇಕು ಅಂತ ಓಡಾಡ್ತಿದ್ದಾರೆ. ಶೆಡ್ ಎಷ್ಟಡಿ, ತಳಿ ಯಾವುದು, ಲೀಟರಿಗೆ ಎಷ್ಟು ಅಂತ ಕೇಳ್ತಾರೆ. ಅದನ್ನ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ಈ ಹಾಲು ಇಷ್ಟು ವರ್ಷ ಮನೆ ಹೊಸ್ತಿಲು ಯಾಕೆ ದಾಟಲಿಲ್ಲ, ದಾಟಿದ ಕಡೆ ಏನಾಯ್ತು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ಅದನ್ನ ಇವತ್ತು ಬರೀತೀನಿ. ಉದ್ದ ಆಗುತ್ತೆ, ಸಂಜೆ ಹಾಲು ಕರೆದು ಮುಗಿದ ಮೇಲೆ ಓದಿ.

ಮೊದಲು ತುಪ್ಪದ ವಿಚಾರ. ನಮ್ಮ ಅಜ್ಜನ ಕಾಲದಲ್ಲಿ ಹಳ್ಳಿಯಿಂದ ಪೇಟೆಗೆ ಹಾಲು ಹೋಗ್ತಿರಲಿಲ್ಲ. ಐಸ್ ಇಲ್ಲ, ವ್ಯಾನ್ ಇಲ್ಲ, ಮಧ್ಯಾಹ್ನಕ್ಕೆ ಹಾಲು ಒಡೆದು ಹೋಗೋದು. ಹೋಗ್ತಿದ್ದದ್ದು ತುಪ್ಪ. ಹಾಲು ಹೆಪ್ಪಾಗಿ, ಹೆಪ್ಪು ಬೆಣ್ಣೆಯಾಗಿ, ಬೆಣ್ಣೆ ಕಾದು ತುಪ್ಪವಾಗಿ ತಂಬಿಗೆಯಲ್ಲಿ ಸಂತೆಗೆ ಹೋಗೋದು. ಮಜ್ಜಿಗೆ ಮನೆಯವರಿಗೆ, ಕೇಳಿ ಬಂದವರಿಗೆ. ಹಾಲಿಗೆ ಬೆಲೆ ಅನ್ನೋದು ಬೆಣ್ಣೆಯ ಲೆಕ್ಕದಲ್ಲೇ ಇತ್ತು.

ಮೇಕೆ ಹಾಲು ಸೋತದ್ದು ಇಲ್ಲೇ. ಅದರಲ್ಲಿ ಜಿಡ್ಡು ಕಡಿಮೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ, ಅದು ಸುಳ್ಳು. ನಮ್ಮ ಮೇಕೆ ಹಾಲಿನ ಫ್ಯಾಟು ಎಚ್.ಎಫ್. ಹಸುವಿನ ಹಾಲಿಗಿಂತ ಕಡಿಮೆ ಏನಿಲ್ಲ. ಆದರೆ ಜಿಡ್ಡಿನ ಹನಿಗಳು ಬಹಳ ಸಣ್ಣ. ಹಸುವಿನ ಹಾಲಿನಲ್ಲಿ ಹನಿಗಳು ಒಂದಕ್ಕೊಂದು ಅಂಟಿಕೊಂಡು ಮೇಲೆ ತೇಲುತ್ತವೆ. ಹಾಗೆ ಅಂಟಿಸುವ ಒಂದು ಅಂಶ ಮೇಕೆ ಹಾಲಿನಲ್ಲಿ ಇಲ್ಲ. ರಾತ್ರಿಯಿಡೀ ಇಟ್ಟರೂ ಕೆನೆ ಸರಿಯಾಗಿ ಮೇಲೆ ಬರಲ್ಲ. ಹೆಪ್ಪೂ ಸಡಿಲ. ಕಡೆದರೆ ಬೆಣ್ಣೆ ಒಟ್ಟುಗೂಡೋಕೆ ಸತಾಯಿಸುತ್ತೆ, ಬಂದರೂ ಬೆಳ್ಳಗೆ ಸುಣ್ಣದ ಹಾಗೆ, ಮೆತ್ತಗೆ. ಅದನ್ನ ಸಂತೆಯಲ್ಲಿ ಯಾರು ಕೊಳ್ತಾರೆ? ಅದಕ್ಕೇ ಮೇಕೆ ಹಾಲು ಮನೇಲೇ ಉಳೀತು. ಮಗುವಿಗೆ, ಬಾಣಂತಿಗೆ, ಹೊಟ್ಟೆ ಕೆಟ್ಟ ಮುದುಕರಿಗೆ, ಇಲ್ಲಾಂದ್ರೆ ಟೀಗೆ. ಮಿಕ್ಕಿದ್ದು ಮರಿಗೆ. ಇದನ್ನ ನಾನು ಅವಮಾನ ಅಂತ ಹೇಳ್ತಿಲ್ಲ. ಮನೆಯೊಳಗೆ ಕರೆದು, ಮನೆಯೊಳಗೆ ಕಾಯಿಸಿ, ಮನೆಯೊಳಗೆ ಕುಡಿದ ಹಾಲಿಗೆ ಪುಸ್ತಕ ಬೇಡ, ಪರೀಕ್ಷೆ ಬೇಡ. ಅದರ ದಿನಚರಿಯೂ ಸುಲಭ. ಕೈಗೆ ಸಿಕ್ಕಿದ ಚೊಂಬು, ಬಿಡುವಾದಾಗ ಕರೆಯೋದು.

ಆಮೇಲೆ ಸಂಘಗಳ ಕಾಲ ಬಂತು. ಗುಜರಾತಿನ ಖೇಡಾದಲ್ಲಿ 1946ರಲ್ಲಿ ಹಾಲು ಒಕ್ಕೂಟ ಆಯ್ತು. ನಮ್ಮ ರಾಜ್ಯದ ಮೊದಲ ಹಾಲು ಸಹಕಾರ ಸಂಘ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ. 1970ರಲ್ಲಿ ದೇಶದಲ್ಲಿ ಕ್ಷೀರ ಕ್ರಾಂತಿ ಶುರು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ, ಅದೇ 1984ರಲ್ಲಿ ಕೆ.ಎಂ.ಎಫ್. ಆಯ್ತು. ಇದರಿಂದ ನಮ್ಮಂಥವರ ಮನೆ ಉಳೀತು, ಅದರಲ್ಲಿ ಎರಡು ಮಾತಿಲ್ಲ. ಮಳೆ ಕೈಕೊಟ್ಟ ವರ್ಷವೂ ವಾರದ ಬಟವಾಡೆ ಬರ್ತದೆ. ಆದರೆ ಆ ಏರ್ಪಾಡೆಲ್ಲ ಕ್ಯಾನಿನ ಲೆಕ್ಕದ್ದು. ಲಾರಿ ಒಂದು ರೂಟಿನಲ್ಲಿ ಹೋದರೆ ಕ್ಯಾನು ತುಂಬಬೇಕು. ನಮ್ಮ ನಾಟಿ ಮೇಕೆ ಹೊತ್ತಿಗೆ ಕಾಲು ಲೀಟರು ಕೊಟ್ಟರೆ ದೊಡ್ಡದು, ಅದೂ ಈದ ಮೇಲೆ ಮೂರು ನಾಲ್ಕು ತಿಂಗಳು. ಅರ್ಧ ಚೊಂಬು ಹಾಲಿಗೆ ಲಾರಿ ನಿಲ್ಲಲ್ಲ. ಸಾಲ ಮಿಶ್ರತಳಿ ಹಸುವಿಗೆ ಬಂತು, ಇಂಜೆಕ್ಷನ್ ಕಟ್ಟಿಸೋದು ಹಸುವಿಗೆ ಬಂತು, ಹಿಂಡಿ ಹಸುವಿಗೆ ಬಂತು. ಮೇಕೆ ಬೇಲಿ ಮೇಲೆ ಕಾಲಿಟ್ಟು ತನ್ನ ಪಾಡಿಗೆ ಮೇಯ್ತಾ ನಿಂತಿತ್ತು.

ಹೊಲ, ಗೋಮಾಳದಲ್ಲಿ ಅದು ಮೇಯೋದಕ್ಕೂ ಕಷ್ಟ ಬಂದಿತ್ತು ಅನ್ನೋದು ಬೇರೆ ಮಾತು. ಬ್ರಿಟಿಷರ ಕಾಲದಿಂದ ಅರಣ್ಯದವರ ಕಣ್ಣಿಗೆ ಮೇಕೆಯಷ್ಟು ಕೆಟ್ಟ ಪ್ರಾಣಿ ಇನ್ನೊಂದಿಲ್ಲ. ದನಕ್ಕೆ ಮೇವಿನ ಪಾಸು ಸಿಕ್ಕ ಎಷ್ಟೋ ಕಾಡುಗಳಲ್ಲಿ ಮೇಕೆಗೆ ಬಾಗಿಲು ಮುಚ್ಚಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಅನ್ನೋ ಗಾದೇನ ನಾವು ನಗ್ತಾ ಹೇಳ್ತೀವಿ, ಅವರು ಅದನ್ನೇ ಅಪರಾಧ ಅಂತ ಬರ್ಕೊಂಡ್ರು. (ಗಾದೆಯೂ ಪೂರ್ತಿ ನಿಜ ಅಲ್ಲ. ಆಡುಸೋಗೆ ಬೇಲಿ ಹಾಕಿದೋರಿಗೆ ಗೊತ್ತು, ಮೇಕೆ ಅದರ ಹತ್ತಿರ ಮೂಗೂ ತರಲ್ಲ.)

ಈ ನಡುವೆ ಮೇಕೆ ಹಾಲಿಗೆ ದೇಶದಲ್ಲೇ ದೊಡ್ಡ ಹೆಸರು ಬಂದದ್ದು ಗಾಂಧೀಜಿಯಿಂದ. ಕಥೆ ಎಲ್ಲರಿಗೂ ಅರ್ಧ ಗೊತ್ತು. ಕಲ್ಕತ್ತಾದ ಗೌಳಿಗರು ಕೊನೇ ಹನಿ ಹಾಲು ಇಳಿಸೋಕೆ ಹಸುವಿನ ಯೋನಿಗೆ ಊದುವ ಕ್ರೂರ ಪದ್ಧತಿ ಇತ್ತು, ಅದಕ್ಕೆ ಫೂಕಾ ಅಂತಿದ್ರು. ಗಾಂಧೀಜಿಗೆ ಅದು ಗೊತ್ತಾಗಿ, ಮೊದಲೇ ಹಾಲು ಬಿಡಬೇಕು ಅಂತಿದ್ದ ಮನಸ್ಸು ಗಟ್ಟಿಯಾಗಿ, 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಇದ್ದಾಗ ಹಾಲು ಬಿಟ್ಟರು. 1918ರಲ್ಲಿ ಖೇಡಾ ಕಡೆ ಓಡಾಡಿ ಭೇದಿ ಹಿಡಿದು ಸಾಯೋ ಸ್ಥಿತಿಗೆ ಬಂದರು. ಡಾಕ್ಟರು ಹಾಲು ಕುಡಿಯದೆ ಗತಿ ಇಲ್ಲ ಅಂದರು. ಆಗ ದಾರಿ ತೋರಿಸಿದ್ದು ಕಸ್ತೂರಬಾ. ನೀವು ಹಾಲು ಬಿಡುವಾಗ ಮನಸ್ಸಿನಲ್ಲಿ ಇದ್ದದ್ದು ಹಸು, ಎಮ್ಮೆ ತಾನೆ, ಮೇಕೆ ಹಾಲು ಕುಡಿಯಬಹುದಲ್ಲ ಅಂದರು. ಕುಡಿದರು, ಎದ್ದರು. ಮಾತು ಉಳೀತು, ಅದರ ಒಳಗಿನ ಅರ್ಥ ಉಳೀಲಿಲ್ಲ ಅನ್ನೋ ನೋವು ಅವರಿಗೆ ಕೊನೆವರೆಗೂ ಇತ್ತು, ಆತ್ಮಕಥೆಯಲ್ಲಿ ಬರೆದಿದ್ದಾರೆ.

ನಮಗೆ ಹತ್ತಿರದ್ದು 1927ರ ಬೇಸಿಗೆ. ಗಾಂಧೀಜಿ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ ತಿಂಗಳಿಗೂ ಮೀರಿ ಇದ್ದರು. ಆಮೇಲೆ ಬೆಂಗಳೂರಿಗೆ ಇಳಿದು, ಆಡುಗೋಡಿಯಲ್ಲಿ ಸರ್ಕಾರ 1923ರಲ್ಲಿ ಶುರು ಮಾಡಿದ್ದ ಪಶುಪಾಲನೆ ಮತ್ತು ಡೇರಿ ಸಂಸ್ಥೆಗೆ ಹೋಗಿ ಗೋಸಾಕಣೆ ಪಾಠ ಹೇಳಿಸಿಕೊಂಡರು. ಗಮನಿಸಿ, ಕುಡೀತಿದ್ದದ್ದು ಮೇಕೆ ಹಾಲು, ಕಲಿಯೋಕೆ ಹೋದದ್ದು ಹಸು ಸಾಕಣೆ. ಮೇಕೆಯ ಪಾಡು ಇದೇ. ಕಷ್ಟ ಬಂದಾಗ ಅದು ಬೇಕು, ಯೋಜನೆ ಹಾಕುವಾಗ ನೆನಪಾಗಲ್ಲ. ಅದೇ ಬೆಟ್ಟದ ಹೆಸರಿನ ನಂದಿದುರ್ಗ ಮೇಕೆಗೆ ತಳಿ ಅನ್ನೋ ಅಧಿಕೃತ ಪಟ್ಟ ಸಿಕ್ಕಿದ್ದು ತೀರಾ ಈಚೆಗೆ. ಬಿಳಿ ಮೈಯ ಆ ಮೇಕೆ ನಮ್ಮ ತುಮಕೂರು, ಚಿತ್ರದುರ್ಗದ ಬಯಲಲ್ಲಿ ಎಷ್ಟು ತಲೆಮಾರಿನಿಂದ ಇದೆ!

ತಳಿ ಅಂದ ಮೇಲೆ ಒಂದು ವಿಷಯ ಹೇಳ್ಲೇಬೇಕು. ಉತ್ತರ ಪ್ರದೇಶದ ಇಟಾವಾ ಕಡೆ, ಯಮುನಾ, ಚಂಬಲ್ ಕೊರಕಲುಗಳ ಮೇಕೆ ಜಮುನಾಪಾರಿ. ಜೋಲು ಕಿವಿ, ಗಿಣಿ ಮೂಗು. 19ನೇ ಶತಮಾನದ ಕೊನೆಗೆ ಇಂಥ ಹೋತಗಳನ್ನ ಹಡಗಿನಲ್ಲಿ ಇಂಗ್ಲೆಂಡಿಗೆ ಒಯ್ದರು. ಅಲ್ಲಿ 1879ರಲ್ಲೇ ಮೇಕೆ ಸಾಕೋರ ಸಂಘ ಆಗಿತ್ತು. ಅಲ್ಲಿನ ಮೇಕೆಗೆ ಕೂಡಿಸಿ, ಯಾವ ತಾಯಿ ಎಷ್ಟು ಕೊಟ್ಟಳು ಅಂತ ಬರೆದಿಟ್ಟು, ಹೆಚ್ಚು ಕೊಟ್ಟವಳ ಮಗನನ್ನೇ ಹೋತವಾಗಿ ಬಿಟ್ಟು ಆಂಗ್ಲೋ ನೂಬಿಯನ್ ಅನ್ನೋ ಹಾಲಿನ ತಳಿ ಮಾಡ್ಕೊಂಡ್ರು. ಹೆಸರಿನಲ್ಲಿ ನಮ್ಮ ಇಟಾವಾ ಎಲ್ಲೂ ಇಲ್ಲ, ಕಿವಿ ನೋಡಿದರೆ ಗೊತ್ತಾಗುತ್ತೆ. ಜಾವಾ ದ್ವೀಪಕ್ಕೆ ಹೋದ ಮೇಕೆ ಮಾತ್ರ ಇವತ್ತಿಗೂ ಎಟಾವಾ ಅನ್ನೋ ಹೆಸರಲ್ಲೇ ಹಾಲು ಕೊಡ್ತಿದೆ.

ಇಲ್ಲಿ ನಾವು ಮಾಡಿದ್ದು ಉಲ್ಟಾ. ಯಾವ ಹೋತಮರಿ ಚೆನ್ನಾಗಿ ಬೆಳೀತು, ಮೈ ತುಂಬ್ಕೊಂಡ್ತು, ಅದು ಮೊದಲು ಜಾತ್ರೆಗೋ ಬಕ್ರೀದ್‌ಗೋ ಹೋಗುತ್ತೆ. ಒಳ್ಳೇ ರೇಟು ಬರುತ್ತಲ್ಲ. ಕೊನೆಗೆ ಯಾರಿಗೂ ಬೇಡವಾದ ಕುಳ್ಳ ಹೋತ ಊರಿನ ಮೇಕೆಗೆಲ್ಲ ಗಂಡ. ನೂರು ವರ್ಷ ಹೀಗೆ ಮಾಡಿ, ನಮ್ಮ ಮೇಕೆ ಹಾಲು ಕೊಡಲ್ಲ ಅಂದ್ರೆ ಹೇಗೆ? ಸರ್ಕಾರದ ಕಡೆಯಿಂದ ಮೇಕೆಗೆ ಅಂತಲೇ ಒಂದು ಕೇಂದ್ರ ಸಂಸ್ಥೆ ಮಥುರಾ ಹತ್ತಿರ ಮಖ್ದೂಮ್‌ನಲ್ಲಿ ಬಂದದ್ದು 1979ರಲ್ಲಿ. ಇಂಗ್ಲೆಂಡಿನವರು ಸಂಘ ಕಟ್ಟಿ ಸರಿಯಾಗಿ ನೂರು ವರ್ಷ ಆದ ಮೇಲೆ.

ಈಗ ಮುಖ್ಯ ವಿಚಾರಕ್ಕೆ ಬರ್ತೀನಿ. ಮೇಕೆ ಹಾಲು ಹೊಸ್ತಿಲು ದಾಟಿ ಇಡೀ ದೇಶದ ಹಾಲಾದ ಜಾಗ ಒಂದಿತ್ತು, ಮಾಲ್ಟಾ. ಇಟಲಿ ಕೆಳಗೆ ಸಮುದ್ರದ ನಡುವೆ ಸಣ್ಣ ದ್ವೀಪ, ಕಲ್ಲು ನೆಲ, ಹುಲ್ಲು ಕಮ್ಮಿ. ಹಸು ಸಾಕೋಕೆ ಆಗಲ್ಲ, ಹಾಗಾಗಿ ಊರಿಗೆಲ್ಲ ಮೇಕೆ ಹಾಲೇ. ಸಾಕೋರು ಬೆಳಿಗ್ಗೆ ಮಂದೆ ಹೊಡ್ಕೊಂಡು ಪೇಟೆ ಬೀದಿಗೆ ಬರೋರು, ಮನೆ ಬಾಗಿಲಲ್ಲಿ ನಿಂತು ಗಿರಾಕಿ ಪಾತ್ರೆಗೇ ಕರೆದು ಕೊಡೋರು. ಕಣ್ಮುಂದೆ ಕರೆದ ಹಾಲು, ನೀರು ಬೆರೆಸೋ ಮಾತೇ ಇಲ್ಲ. ಇದಕ್ಕಿಂತ ಶುದ್ಧ ಏನಿದೆ ಅಂತ ಎಲ್ಲರೂ ನಂಬಿದ್ರು.

ಆ ದ್ವೀಪ ಆಗ ಬ್ರಿಟಿಷರ ಕೈಲಿತ್ತು. ಅಲ್ಲಿನ ಸಿಪಾಯಿಗಳಿಗೆ, ನೌಕಾಪಡೆಯವರಿಗೆ ಒಂದು ವಿಚಿತ್ರ ಜ್ವರ. ಬರುತ್ತೆ, ಇಳಿಯುತ್ತೆ, ಮತ್ತೆ ಬರುತ್ತೆ, ತಿಂಗಳುಗಟ್ಟಲೆ. ಬೆವರು, ಕೀಲುನೋವು, ಸೊಂಟನೋವು, ಗಂಡಸರಿಗೆ ಬೀಜ ಊದಿಕೊಳ್ಳೋದು. ಕೆಲವರು ಸತ್ತರು, ಬದುಕಿದವರು ಕೆಲಸಕ್ಕೆ ಬಾರದ ಹಾಗಾದರು. 1887ರಲ್ಲಿ ಡೇವಿಡ್ ಬ್ರೂಸ್ ಅನ್ನೋ ಸೇನೆ ಡಾಕ್ಟರು ಸತ್ತವರ ಗುಲ್ಮದಲ್ಲಿ ರೋಗಾಣು ಕಂಡುಹಿಡಿದ ವಿಷಯ ಪ್ರಕಟಿಸಿದರು. ಆದರೆ ಅದು ಮನುಷ್ಯನಿಗೆ ಎಲ್ಲಿಂದ ಬರ್ತದೆ ಅಂತ ಮುಂದಿನ ಹದಿನೆಂಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಚರಂಡಿ ಅಂದ್ರು, ಧೂಳು ಅಂದ್ರು, ಸೊಳ್ಳೆ ಅಂದ್ರು. ಮೇಕೆ ಮೇಲೆ ಅನುಮಾನವೇ ಬರಲಿಲ್ಲ, ಯಾಕಂದ್ರೆ ಮೇಕೆಗಳು ಗಟ್ಟಿಮುಟ್ಟಾಗಿ ಓಡಾಡ್ತಿದ್ವು.

1905ರಲ್ಲಿ ಅದೇ ದ್ವೀಪದ ಡಾಕ್ಟರು ಥೆಮಿಸ್ಟೋಕ್ಲಿಸ್ ಜಾಮಿಟ್ ಪ್ರಯೋಗಕ್ಕೆ ಅಂತ ಮೇಕೆಗಳ ರಕ್ತ ಪರೀಕ್ಷೆ ಮಾಡಿದರು. ಆರೋಗ್ಯವಾಗಿ ಕಾಣೋ ಮೇಕೆಗಳ ರಕ್ತದಲ್ಲೇ ರೋಗದ ಗುರುತು! ಮುಂದೆ ನೋಡಿದರೆ ದ್ವೀಪದ ಸುಮಾರು ಅರ್ಧ ಮೇಕೆಗಳಿಗೆ ಸೋಂಕು ತಗುಲಿತ್ತು, ಹತ್ತರಲ್ಲಿ ಒಂದು ಮೇಕೆ ಹಾಲಿನಲ್ಲೇ ರೋಗಾಣು ಬಿಡ್ತಿತ್ತು. ಅದೇ ವರ್ಷ ಮಾಲ್ಟಾದಿಂದ ಅಮೆರಿಕಕ್ಕೆ ಅರವತ್ತು ಚಿಲ್ಲರೆ ಹಾಲಿನ ಮೇಕೆಗಳನ್ನ ಹಡಗಿನಲ್ಲಿ ಕಳಿಸಿದ್ರು. ದಾರಿಯಲ್ಲಿ ಹಡಗಿನವರು ಪುಕ್ಕಟೆ ಸಿಕ್ತು ಅಂತ ಹಸಿ ಹಾಲು ಕುಡಿದರು, ಬಹಳ ಜನ ಅದೇ ಜ್ವರ ಹಿಡಿದು ಮಲಗಿದರು. ಮೇಕೆಗಳಿಗೆ ಮಾತ್ರ ಏನೂ ಆಗಿರಲಿಲ್ಲ. 1906ರಲ್ಲಿ ಸೇನೆಗೆ ಮೇಕೆ ಹಾಲು ನಿಲ್ಲಿಸಿದರು. ಸಿಪಾಯಿಗಳಲ್ಲಿ ಜ್ವರ ಹೆಚ್ಚುಕಡಿಮೆ ನಿಂತೇ ಹೋಯ್ತು.

ಆದರೆ ಊರ ಜನ? ಅವರಿಗೆ ಬೇರೆ ಹಾಲಿಲ್ಲ. ಮೇಕೆ ಬಡವರ ಆಸ್ತಿ, ನೋಡೋಕೆ ಚೆನ್ನಾಗಿರೋ ಮೇಕೇನ ಕಡಿ ಅಂದ್ರೆ ಯಾರು ಕೇಳ್ತಾರೆ? ಕಣ್ಮುಂದೆ ಕರೆದ ಹಸಿ ಹಾಲಿನ ಮೇಲಿನ ನಂಬಿಕೆಯೂ ಹೋಗಲಿಲ್ಲ. ಹಾಲು ಕಾಯಿಸಿ ಕೊಡುವ ಪಾಶ್ಚರೀಕರಣ ಘಟಕ ಅಲ್ಲಿ ಬಂದದ್ದು 1938ರಲ್ಲಿ. ಕಾರಣ ಗೊತ್ತಾಗಿ ಮೂವತ್ಮೂರು ವರ್ಷ ಆದ ಮೇಲೆ. ಅಷ್ಟು ದಿನವೂ ಜ್ವರ ಊರಿನವರಿಗೆ ಬರ್ತಾನೇ ಇತ್ತು.

ಈ ಜ್ವರ ಬೇರೆ ಯಾವುದೂ ಅಲ್ಲ, ನಾವು ಕಂದು ರೋಗ ಅಂತೀವಲ್ಲ, ಬ್ರುಸೆಲ್ಲೋಸಿಸ್, ಅದೇ. ಬ್ರೂಸ್ ಹೆಸರಿನಿಂದಲೇ ಆ ಹೆಸರು. ಮೇಕೆ ನಾಲ್ಕು ತಿಂಗಳು ತುಂಬಿದ ಮೇಲೆ ಕಂದು ಹಾಕಿದರೆ ನಾವು ದೃಷ್ಟಿ ಅಂತೀವಿ, ಗುದ್ದಾಟ ಅಂತೀವಿ. ಅವೂ ಇರಬಹುದು, ಬೇರೆ ರೋಗಗಳೂ ಇವೆ. ಆದರೆ ಮಂದೆಯಲ್ಲಿ ಒಂದಾದ ಮೇಲೆ ಒಂದು ಹಾಕಿದರೆ ರಕ್ತ ಪರೀಕ್ಷೆ ಆಗಲೇಬೇಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಯೋಜನೆಯಲ್ಲಿ ಕಂದು ರೋಗದ ಲಸಿಕೆ ಹಾಕಿದ್ದು ಹಸು, ಎಮ್ಮೆಗಳ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ. ಮೇಕೆ ಹಾಲಿನ ಪುಸ್ತಕದಲ್ಲೂ ಇಲ್ಲ, ಈ ಲಸಿಕೆ ಪಟ್ಟಿಯಲ್ಲೂ ಇಲ್ಲ.

ಈ ಇತಿಹಾಸ ಓದ್ಕೊಂಡ ಮೇಲೆ ನನ್ನ ದಿನದ ಕೆಲಸದಲ್ಲಿ ಯಾವುದು ಯಾಕೆ ಅಂತ ಸ್ಪಷ್ಟ ಆಯ್ತು. ಬೆಳಿಗ್ಗೆ ಐದೂವರೆಗೆ ಎದ್ದು ಮೊದಲು ರೊಪ್ಪ ಗುಡಿಸ್ತೀನಿ, ಹಿಕ್ಕೆ ಧೂಳು ಅಡಗಿದ ಮೇಲೇ ಕರೆಯೋದು. ರಾತ್ರಿ ಮರಿಗಳನ್ನ ಬೇರೆ ಕೂಡಿರ್ತೀನಿ, ಕರೆದ ಮೇಲೆ ಬಿಡ್ತೀನಿ. ಒಂದೊಂದನ್ನೇ ಕಟ್ಟೆ ಹತ್ತಿಸಿ, ಬೆಚ್ಚನೆ ನೀರಲ್ಲಿ ಕೆಚ್ಚಲು ಒರೆಸಿ, ಒಣ ಬಟ್ಟೆಯಲ್ಲಿ ಒತ್ತಿ, ಮೊದಲ ಎರಡು ಮೂರು ಧಾರೆ ಕಪ್ಪು ಬಟ್ಟಲಿಗೆ. ಗಂಟು ಕಂಡರೆ ಕೆಚ್ಚಲು ಬಾವು ಅಂತ ಆ ಹಾಲು ಬೇರೆ. ಹೋತವನ್ನ ಶೆಡ್ಡಿನಿಂದ ದೂರ, ಗಾಳಿ ಕೆಳಗಿನ ಕಡೆ ಕಟ್ಟಿದ್ದೀನಿ. ಮೇಕೆ ಹಾಲು ವಾಸನೆ ಅನ್ನೋರು ನಿಜವಾಗಿ ಹೇಳ್ತಿರೋದು ಹೋತದ ವಾಸನೆ, ಇಲ್ಲ ಕೊಳಕು ಪಾತ್ರೆಯ ವಾಸನೆ. ಸೋಸಿ, ಕ್ಯಾನನ್ನ ತಣ್ಣೀರ ತೊಟ್ಟಿಯಲ್ಲಿ ಇಟ್ಟು, ಯಾರು ಎಷ್ಟು ಕೊಟ್ಟರು ಅಂತ ನೋಟ್‌ಬುಕ್ಕಿನಲ್ಲಿ ಬರೀತೀನಿ. ಮುಂದಿನ ಹೋತ ಯಾವ ತಾಯಿ ಮಗ ಅನ್ನೋದು ಆ ನೋಟ್‌ಬುಕ್ಕು ಹೇಳಬೇಕು, ವ್ಯಾಪಾರಿ ಅಲ್ಲ. ಒಂಬತ್ತಕ್ಕೆ ದೋಟಿ ಹಿಡಿದು ಸೊಪ್ಪು. ಜಾಲಿ, ಬೇವು, ಹೆಬ್ಬೇವು, ಅಗಸೆ, ಜೊತೆಗೆ ಕಡಲೆಕಾಯಿ ಬಳ್ಳಿ. ನೆಲಕ್ಕೆ ಹಾಕಲ್ಲ, ಎತ್ತರಕ್ಕೆ ಕಟ್ಟಿ ನೇತು ಹಾಕ್ತೀನಿ. ಸಂಜೆ ಐದೂವರೆಗೆ ಮತ್ತೆ ಇದೇ.

ಎರಡು ಕೆಲಸಕ್ಕೆ ಮಾತ್ರ ರಿಯಾಯಿತಿ ಇಲ್ಲ. ಒಂದು, ಈದಾಗ ಅಥವಾ ಕಂದು ಹಾಕಿದಾಗ ಬರಿಗೈಲಿ ಮುಟ್ಟಲ್ಲ. ಗ್ಲೌಸ್ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಸತ್ತೆಯನ್ನ ಸುಣ್ಣ ಹಾಕಿ ಆಳಕ್ಕೆ ಹೂಳ್ತೀನಿ. ನಾಯಿ ಎಳ್ಕೊಂಡು ಹೋದರೆ ಊರಿಗೆಲ್ಲ ಹಂಚಿದ ಹಾಗೆ. ನಮ್ಮ ಮನೆಗಳಲ್ಲಿ ಈ ಕೆಲಸ ಹೆಂಗಸರ ಮೇಲೇ ಬೀಳುತ್ತೆ, ಗಬ್ಬ ಇರೋ ಹೆಣ್ಣುಮಕ್ಕಳನ್ನಂತೂ ಹತ್ತಿರವೂ ಬಿಡಬೇಡಿ. ಎರಡು, ಕಾಯಿಸದೆ ಕುಡಿಯೋರಿಗೆ ಹಾಲು ಕೊಡಲ್ಲ. ಚೆನ್ನಾಗಿ ಉಕ್ಕಿಸಿದರೆ ಈ ರೋಗಾಣು ಉಳಿಯಲ್ಲ, ಇಷ್ಟೇ ಬೇಕಾಗಿರೋದು.

ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಡೆಂಗಿ ಬಂದ ತಿಂಗಳು ಬೆಂಗಳೂರಿಂದ ಕಾರಲ್ಲಿ ಬರ್ತಾರೆ. ಪ್ಲೇಟ್ಲೆಟ್ ಏರುತ್ತೆ ಅಂತ ಯಾರೋ ಹೇಳಿರ್ತಾರೆ, ಲೀಟರಿಗೆ ಬಾಯಿಗೆ ಬಂದ ರೇಟು ಕೊಡ್ತಾರೆ, ಹಸಿಯಾಗಿ ಕುಡಿಸಬೇಕಂತೆ, ಕಾಯಿಸಿದರೆ ಶಕ್ತಿ ಹೋಗುತ್ತಂತೆ. ಮೇಕೆ ಹಾಲು ಡೆಂಗಿಗೆ ಔಷಧಿ ಅಂತ ಯಾವ ಪುರಾವೆಯೂ ಇಲ್ಲ. ಜ್ವರದಿಂದ ಸುಸ್ತಾದ ಮೈಗೆ ಹಸಿ ಹಾಲು ಹಾಕಿ ಇನ್ನೊಂದು ಜ್ವರ ಅಂಟಿಸಿದರೆ, ಆ ದುಡ್ಡು ಮನೇಲಿ ನಿಲ್ಲುತ್ತಾ? ನಮ್ಮ ಪಕ್ಕದ ಹೋಬಳಿಯಲ್ಲಿ ಒಬ್ಬ ಮೇಕೆ ಸಾಕೋ ಹುಡುಗನಿಗೆ ಐದು ತಿಂಗಳು ಟೈಫಾಯ್ಡ್ ಅಂತಲೇ ಔಷಧಿ ನಡೀತು. ಕೊನೆಗೆ ಒಬ್ಬ ಡಾಕ್ಟರು ಮನೇಲಿ ಏನು ಸಾಕಿದ್ದೀಯಪ್ಪ ಅಂತ ಕೇಳಿದ ಮೇಲೆ ಈ ರೋಗ ಸಿಕ್ತು. ಆರು ವಾರ ಮಾತ್ರೆ. ಈಗ ಎದ್ದು ಓಡಾಡ್ತಿದ್ದಾನೆ, ಸೊಂಟನೋವು ಇನ್ನೂ ಇದೆ. ಜ್ವರ ಅಂತ ಹೋದಾಗ ಮೇಕೆ ಸಾಕ್ತೀನಿ ಅಂತ ನೀವೇ ಮೊದಲು ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.

ನಮ್ಮೂರಲ್ಲಿ ಐದು ಮನೆಯವರು ಸೇರಿ ಒಟ್ಟು 43 ಮೇಕೆಗಳ ರಕ್ತ ತೆಗೆಸೋದು ಅಂತ ಪಶು ಆಸ್ಪತ್ರೆ ಡಾಕ್ಟರ ಹತ್ತಿರ ಮಾತಾಡಿದ್ದೀವಿ. ಮಾದರಿ ಬೆಂಗಳೂರಿನ ಲ್ಯಾಬಿಗೆ ಹೋಗುತ್ತೆ. ರೋಗ ಇದೆ ಅಂತ ಬಂದ ಮೇಕೇನ ಏನು ಮಾಡೋದು ಅನ್ನೋದರ ಮೇಲೆ ಎರಡು ಸಂಜೆ ಜಗಳವೇ ಆಯ್ತು. ಸಂತೆಗೆ ಹೊಡೆದು ಕೈ ತೊಳ್ಕೊಳ್ಳೋಣ ಅಂದೋರೂ ಇದ್ರು. ಆ ಸಂತೆಯಿಂದಲೇ ನಾಳೆ ನಿಮ್ಮ ರೊಪ್ಪಕ್ಕೆ ಬರುತ್ತೆ. ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ಅಂಥ ಮೇಕೆ ಹಾಲಿಗೂ ಇಲ್ಲ, ಸಾಕೋರಿಗೆ ಮಾರಾಟಕ್ಕೂ ಇಲ್ಲ, ಡಾಕ್ಟರು ಹೇಳಿದ ಹಾಗೆ ಮಂದೆಯಿಂದ ತೆಗೆಯೋದು, ನಷ್ಟ ಐದು ಮನೆ ಹಂಚ್ಕೊಳ್ಳೋದು. ನನ್ನ ಹನ್ನೆರಡರಲ್ಲಿ ಎಷ್ಟು ಹೋಗ್ತವೋ ನೋಡಬೇಕು, ದಿನಾ ಲೀಟರು ಮೇಲೆ ಕೊಡೋ ಕೆಂಪಿ ಮೇಲೇ ನನಗೆ ಕಣ್ಣು. ಸುತ್ತಲ ಊರಿನವರು ಸೇರೋದಾದರೆ ಈ ತಿಂಗಳ ಒಳಗೆ ಹೇಳಿ. ಬರುವಾಗ ಮೇಕೆ ಎಷ್ಟು, ಗಬ್ಬ ಎಷ್ಟು ತಿಂಗಳು, ಹಿಂದೆ ಯಾವುದು ಕಂದು ಹಾಕಿತ್ತು ಅಂತ ಒಂದು ಚೀಟಿಯಲ್ಲಿ ಬರ್ಕೊಂಡು ಬನ್ನಿ.